ಇಜು ತೀರದ ಸಣ್ಣ ಮಿನ್ಶುಕುವಿಗೆ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಸಾಗರದವಳು
ಎಲ್ಲರಿಗೂ ನಮಸ್ಕಾರ. ನಾನು ಟೋಕಿಯೋದ ನಿಶಿ ಕಸಾಯಿಯಲ್ಲಿದ್ದೇನೆ. ನವೆಂಬರ್‌ನಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಅಪ್ಪನಿಗೆ 69, ಅಮ್ಮನಿಗೆ 63. ಅಮ್ಮನಿಗೆ ಮಂಡಿನೋವು. ಇಬ್ಬರೂ ಮೊಟ್ಟೆ ಕೂಡ ಮುಟ್ಟದವರು.

ಹೋದ ವರ್ಷ ನಾನು ಒಬ್ಬಳೇ ಇಜು ಪರ್ಯಾಯ ದ್ವೀಪದಲ್ಲಿ, ಇನಾತೊರಿ ಹತ್ತಿರ ಒಂದು ಮಿನ್ಶುಕುವಿನಲ್ಲಿ ಒಂದು ರಾತ್ರಿ ಉಳಿದಿದ್ದೆ. ಮಿನ್ಶುಕು ಅಂದರೆ ಮನೆಯವರೇ ನಡೆಸುವ ಸಣ್ಣ ವಸತಿಗೃಹ. ಮೀನುಗಾರರ ಮನೆ, ಮೇಲೆ ನಾಲ್ಕೇ ಕೋಣೆ. ನನ್ನದು ಎಂಟು ತತಾಮಿ ಚಾಪೆಯ ಕೋಣೆ. ಒಂದು ಗಿಡ್ಡ ಮೇಜು, ಫ್ಲಾಸ್ಕಿನಲ್ಲಿ ಬಿಸಿನೀರು, ಹಸಿರು ಚಹಾ, ಅಷ್ಟೇ. ಕಿಟಕಿ ತೆಗೆದರೆ ರಸ್ತೆ, ರಸ್ತೆಯಾಚೆ ಸಮುದ್ರ, ಅದರಾಚೆ ಓಶಿಮಾ ದ್ವೀಪ. ಕೆಳಗೆ ಬಿಸಿನೀರ ಬುಗ್ಗೆಯ ಕಲ್ಲಿನ ತೊಟ್ಟಿ, ನಾಲ್ಕು ಜನ ಕೂತರೆ ತುಂಬಿತು. ನೀರು ತುಟಿಗೆ ತಾಗಿದರೆ ಉಪ್ಪುಪ್ಪು. ಸ್ನಾನ ಮುಗಿಸಿ ಒಂಬತ್ತಕ್ಕೆ ಮಲಗಿದವಳು ಬೆಳಗ್ಗೆ ಐದೂವರೆಗೆ ಎದ್ದೆ. ಟೋಕಿಯೋಗೆ ಬಂದ ಮೇಲೆ ಅಂಥ ನಿದ್ದೆ ಬಂದಿದ್ದು ಅದೇ ಮೊದಲು. ಆವತ್ತೇ ಅಂದುಕೊಂಡೆ, ಅಮ್ಮನನ್ನು ಒಮ್ಮೆ ಇಲ್ಲಿಗೆ ತರಬೇಕು ಅಂತ. ಮನೆಮಂದಿಗೆಲ್ಲ ಹಂಡೆಗೆ ಉರಿ ಹಾಕಿ, ಕೊನೆಗೆ ಉಳಿದ ಉಗುರುಬೆಚ್ಚಗಿನ ನೀರಲ್ಲಿ ತಾನು ಮಿಂದವಳು ಅವಳು.

ನಮ್ಮ ಮನೆಯವರು ಬೇಡ ಅನ್ನುತ್ತಿದ್ದಾರೆ. ಅತಾಮಿಯಲ್ಲಿ ದೊಡ್ಡ ಹೋಟೆಲ್ ಮಾಡೋಣ, ಮಂಚ ಇರುತ್ತದೆ, ಲಿಫ್ಟ್ ಇರುತ್ತದೆ, ಬಫೆಯಲ್ಲಿ ಏನಾದರೂ ಸಿಗುತ್ತದೆ ಅನ್ನುತ್ತಾರೆ. ಅದೂ ಸುಳ್ಳಲ್ಲ. ಊರಿಂದ ಬಂದ ಹಿರಿಯರನ್ನು ಇಂಥ ಕಡೆ ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ? ಬಟ್ಟೆ ಇಲ್ಲದೆ ಸ್ನಾನ, ಊಟ, ನೆಲದ ಹಾಸಿಗೆ. ಈ ಮೂರೇ ನನ್ನ ಚಿಂತೆ.

ಕವಾಸಾಕಿ ಕನ್ನಡಿಗ
ನಿಮ್ಮ ಮನೆಯವರ ಮಾತು ಕೇಳಿ. ಮಿನ್ಶುಕು ನಮ್ಮಂಥವರಿಗೆ ಸರಿ, ಅರವತ್ತು ದಾಟಿದವರಿಗೆ ಅಲ್ಲ. ಶೌಚಾಲಯ ಕೋಣೆಯಲ್ಲಿ ಇರುವುದಿಲ್ಲ, ಹಜಾರದ ಕೊನೆಯಲ್ಲಿ ಇರುತ್ತದೆ. ರಾತ್ರಿ ಎರಡಕ್ಕೆ ಎದ್ದು, ಚಳಿಯಲ್ಲಿ ಹೋಗಿ, ಅಲ್ಲಿ ಬೇರೆ ಚಪ್ಪಲಿ ಹಾಕಿ, ಬರುವಾಗ ಅದನ್ನು ಬಿಡಬೇಕು. ಮೆಟ್ಟಿಲು ಕಡಿದು. ನನ್ನ ಅಪ್ಪ ಅಂಥ ಮೆಟ್ಟಿಲಲ್ಲಿ ಜಾರಿ, ಪುಣ್ಯಕ್ಕೆ ಕೈಯಷ್ಟೇ ತರಚಿತು. ಆಮೇಲೆ ಪ್ರವಾಸ ಪೂರ್ತಿ ಅವರ ಮುಖದಲ್ಲಿ ನಗು ಇರಲಿಲ್ಲ.

ಬಚ್ಚಲೊಲೆ
ಎಲ್ಲ ಮಿನ್ಶುಕುವೂ ಹಾಗಿರಲ್ಲ ಸರ್. ಫೋನ್ ಮಾಡಿ ಕೆಳಗಿನ ಕೋಣೆ ಕೇಳಿದರೆ ಅರ್ಧ ಚಿಂತೆ ಮುಗಿಯಿತು.

ನಾನು ಎರಡು ವರ್ಷದ ಹಿಂದೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ತೀರ್ಥಹಳ್ಳಿ ಕಡೆಯವರು, 70 ವರ್ಷ. ಬಟ್ಟೆ ಬಿಚ್ಚಿ ಹತ್ತು ಜನರ ಎದುರು ಇಳಿಯೋದು ಅಂದರೆ ಸತ್ತರೂ ಆಗಲ್ಲ ಅಂದಿದ್ದರು. ಅದಕ್ಕೆ ಕಶಿಕಿರಿ ಬುರೊ ಇರುವ ಕಡೆ ಹುಡುಕಿದೆ. ಅಂದರೆ ಒಂದು ಮನೆಯವರಿಗೆ ಅಂತ ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು ಮೀಯುವ ವ್ಯವಸ್ಥೆ. ಸಣ್ಣ ಮನೆಗಳಲ್ಲಿ ಇದಕ್ಕೆ ದುಡ್ಡೂ ತೆಗೆದುಕೊಳ್ಳದೇ ಇರಬಹುದು. ಖಾಲಿ ಇದ್ದರೆ ಬಾಗಿಲಿಗೆ ಒಂದು ಹಲಗೆ ತಿರುಗಿಸಿ ಹಾಕಿ ಒಳಗೆ ಹೋದರಾಯಿತು.

ಒಳಗೆ ಹೋದ ಮೇಲೆ ಅತ್ತೆಗೆ ನಾನು ಏನೂ ಹೇಳಿಕೊಡಬೇಕಾಗಲಿಲ್ಲ. ಮೊದಲು ಗಿಡ್ಡ ಸ್ಟೂಲ್ ಮೇಲೆ ಕೂತು, ಬಕೆಟ್ಟಿನಿಂದ ನೀರು ಹೊಯ್ದುಕೊಂಡು, ಮೈ ಪೂರ್ತಿ ಉಜ್ಜಿ ತೊಳೆದು, ಸೋಪು ಒಂದು ಚೂರೂ ಉಳಿಯದ ಹಾಗೆ ಮಾಡಿ, ಆಮೇಲೆ ತೊಟ್ಟಿಗೆ ಇಳಿಯಬೇಕು ಅಲ್ವಾ? ನಮ್ಮ ಹಳೆ ಬಚ್ಚಲುಮನೆಯಲ್ಲಿ ಮಣೆ ಮೇಲೆ ಕೂತು ತಂಬಿಗೆಯಲ್ಲಿ ಹೊಯ್ದುಕೊಂಡ ಹಾಗೇ ಇದೆ ಅಂದರು. ಕಷ್ಟ ಆಗೋದು ನಮ್ಮ ತಲೆಮಾರಿಗೆ, ಶವರ್ ಕೆಳಗೆ ನಿಂತು ಬೆಳೆದವರಿಗೆ.

ಉಡುಪಿ ಬೋಟು
ಬಚ್ಚಲೊಲೆ ಅಕ್ಕ ಹೇಳಿದ್ದು ನಿಜ. ಆದರೆ ಊಟದ ವಿಷಯ ಯಾರೂ ಮಾತಾಡುತ್ತಿಲ್ಲ. ಇನಾತೊರಿ ಅಂದರೆ ಕಿನ್ಮೆದಾಯ್. ಕೆಂಪು ಮೈ, ಹೊಳೆಯುವ ದೊಡ್ಡ ಕಣ್ಣು, ಆಳ ನೀರಿನ ಮೀನು. ಸೋಯಾ ಸಾಸ್, ಸಕ್ಕರೆ, ಸಾಕೆ, ಮಿರಿನ್ ಹಾಕಿ ಇಡೀ ಮೀನನ್ನೇ ಕುದಿಸಿ ತಟ್ಟೆಯಲ್ಲಿ ಇಡುತ್ತಾರೆ. ರಸ ಜೇನಿನ ಹಾಗೆ ಅಂಟಿರುತ್ತದೆ. ಅಲ್ಲಿ ಮೀನೇ ಆ ಮನೆಯ ಮರ್ಯಾದೆ. ಗಂಡ ಬೆಳಗ್ಗೆ ತಂದಿದ್ದನ್ನು ಹೆಂಡತಿ ಸಂಜೆ ಬಡಿಸುತ್ತಾಳೆ. ಅಂಥ ಮನೆಗೆ ಹೋಗಿ ಮೀನು ಬೇಡ ಅನ್ನೋದು ನನಗೆ ಸರಿ ಕಾಣಲ್ಲ. ಬೇರೆ ಜಾಗ ನೋಡಿ.

ಸಾಗರದವಳು
ಅಣ್ಣಾ, ಅವರು ತಿನ್ನಲ್ಲ ಅಂದರೆ ಸಮುದ್ರ ನೋಡಬಾರದು ಅಂತಲಾ?

ಉಡುಪಿ ಬೋಟು
ಹಾಗಲ್ಲ ತಂಗಿ. ಅವರಿಗೆ ಮುಜುಗರ ಆಗಬಾರದು ಅಂತ ಹೇಳಿದೆ. ನಮ್ಮ ಕಡೆ ನೆಂಟರು ಬಂದು ಎಲೆ ಮುಂದೆ ಕೂತು ಏನೂ ಮುಟ್ಟದೆ ಎದ್ದರೆ ನಮ್ಮ ಅಮ್ಮನಿಗೆ ಎಷ್ಟು ನೋವಾಗುತ್ತದೆ ಅಂತ ನನಗೆ ಗೊತ್ತು.

ದಾಶಿ ಬೇಡಮ್ಮ
ಇದರಲ್ಲಿ ನನ್ನ ಅನುಭವ ಹೇಳಲೇಬೇಕು. ನಾವು ಬುಕ್ ಮಾಡುವಾಗ ಸಸ್ಯಾಹಾರ ಅಂತ ಒಂದು ಪದ ಬರೆದು ಬಿಟ್ಟೆವು. ಇಲ್ಲಿ ಆ ಪದಕ್ಕೆ ಮಾಂಸ ಇಲ್ಲ ಅಂತಷ್ಟೇ ಅರ್ಥ ಮಾಡಿಕೊಳ್ಳುವವರು ಜಾಸ್ತಿ. ಸಂಜೆ ಆರಕ್ಕೆ ಊಟಕ್ಕೆ ಕೂತರೆ ಸಾಶಿಮಿ, ಅಂದರೆ ಹಸಿ ಮೀನಿನ ಹೋಳು, ಬಂತು. ಆ ಅಜ್ಜಿಗೆ ಗೊತ್ತಾದ ಕೂಡಲೇ ಮುಖ ಕೆಂಪಾಯಿತು. ಒಳಗೆ ಓಡಿ ತೋಫು, ಮೂಲಂಗಿ, ಸೊಪ್ಪು ತಂದು ಹೊಸದಾಗಿ ಬೇಯಿಸಿದರು. ಅದರಲ್ಲೂ ದಾಶಿ ಇತ್ತು. ದಾಶಿ ಅಂದರೆ ಒಣಗಿಸಿದ ಬೊನಿಟೊ ಮೀನಿನ ಚಕ್ಕೆ ಕುದಿಸಿದ ನೀರು. ಮಿಸೊ ಸಾರು, ಬೇಯಿಸಿದ ತರಕಾರಿ, ಎಲ್ಲದಕ್ಕೂ ಅದೇ ಬುಡ. ನಾವು ಬಾಯಿಮುಚ್ಚಿ ಅನ್ನ, ಉಪ್ಪಿನಕಾಯಿ ತಿಂದೆವು. ತಪ್ಪು ಪೂರ್ತಿ ನಮ್ಮದು. ಆ ಹಿರಿಯ ಹೆಂಗಸು ನಾಲ್ಕು ಸಲ ಬಗ್ಗಿ ಕ್ಷಮೆ ಕೇಳಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅದಕ್ಕೇ ಹೇಳೋದು, ಮೊದಲೇ ಬಿಡಿಸಿ ಹೇಳಿ. ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಮೀನಿನ ದಾಶಿ ಇಲ್ಲ, ಕೊಂಬು ದಾಶಿ ಆಗಬಹುದು. ಕೊಂಬು ಅಂದರೆ ಸಮುದ್ರದ ಪಾಚಿ ಜಾತಿ, ಅದರಿಂದಲೂ ಒಳ್ಳೆ ದಾಶಿ ಆಗುತ್ತದೆ. ದೇವಸ್ಥಾನದ ಅಡುಗೆ ಶೋಜಿನ್ ರ್ಯೋರಿಯಲ್ಲಿ ಅದನ್ನೇ ಬಳಸುತ್ತಾರೆ, ಹಾಗಾಗಿ ಹಳಬರಿಗೆ ತಕ್ಷಣ ಅರ್ಥ ಆಗುತ್ತದೆ. ಆಗಲ್ಲ ಅಂದರೆ ಅವರೇ ಹೇಳುತ್ತಾರೆ. ಆಗ ಸುದೊಮಾರಿ ಅಂತ ಕೇಳಿ, ಊಟ ಇಲ್ಲದೆ ಬರೀ ಕೋಣೆ ಮತ್ತು ಸ್ನಾನ. ಅದರಲ್ಲಿ ಅವಮಾನ ಯಾರಿಗೂ ಇಲ್ಲ.

ಉಡುಪಿ ಬೋಟು
ಇದು ಒಪ್ಪುವ ಮಾತು. ನಾನು ಹೇಳಬೇಕಿದ್ದೂ ಇದೇ. ಮೊದಲೇ ಹೇಳಿದರೆ ಅದು ಮರ್ಯಾದೆ, ಎಲೆ ಮುಂದೆ ಕೂತು ಹೇಳಿದರೆ ನೋವು.

ಕುಂದಾಪುರ ಟು ಕೋಬೆ
ಒಂದು ಪ್ರಶ್ನೆ. ಆ ನೀರಲ್ಲಿ ಗಂಧಕ ಇರುತ್ತದಲ್ಲ, ಬೆಳ್ಳಿ ಕಾಲುಂಗುರ ಕಪ್ಪಾಗುತ್ತದೆ ಅಂತ ಕೇಳಿದ್ದೆ. ಸಾಗರದವರ ಅಮ್ಮ ಕಾಲುಂಗುರ ತೆಗೆಯುತ್ತಾರಾ?

ನೀರಿನ ಲೆಕ್ಕ
ಎಲ್ಲ ಒನ್ಸೆನ್‌ನಲ್ಲೂ, ಅಂದರೆ ಬುಗ್ಗೆ ನೀರಿನ ಸ್ನಾನದ ಕಡೆಗಳಲ್ಲೂ, ಗಂಧಕ ಇರಲ್ಲ. ಇದು ತುಂಬಾ ಜನ ಮಾಡುವ ತಪ್ಪು. ಕುಸಾತ್ಸು ಬೆಟ್ಟದ ಊರು, ಅಲ್ಲಿ ಗಂಧಕ. ಅಲ್ಲಿ ಬೆಳ್ಳಿ ಹಾಕಿಕೊಂಡು ಇಳಿದರೆ ಕಪ್ಪಾಗೋದು ಖಂಡಿತ. ಇನಾತೊರಿ, ಅತಗಾವಾ ಕಡೆ ಇರೋದು ಉಪ್ಪಿನ ನೀರು, ಕ್ಲೋರೈಡ್ ಜಾತಿ. ಮೈ ಮೇಲೆ ಉಪ್ಪಿನ ತೆಳು ಪದರ ಕೂತು ಬೆವರು ಬೇಗ ಆರದ ಹಾಗೆ ಮಾಡುತ್ತದೆ, ಅದಕ್ಕೇ ಹೊರಗೆ ಬಂದ ಮೇಲೂ ಮೈ ಬೆಚ್ಚಗೆ ಇರುತ್ತದೆ. ಜಪಾನಿಗಳು ಇದನ್ನು ನೆತ್ಸು ನೊ ಯು ಅನ್ನುತ್ತಾರೆ, ಶಾಖದ ನೀರು ಅಂತ. ಸಾಗರದವರಿಗೆ ಅಂಥ ನಿದ್ದೆ ಬಂದಿದ್ದು ಇದರಿಂದಲೂ ಇರಬಹುದು.

ಇನ್ನೊಂದು ವಿಷಯ. 1948ರ ಒನ್ಸೆನ್ ಕಾಯ್ದೆ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಇದ್ದರೆ ಸಾಕು, ಅಥವಾ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದು ಬೇಕಾದಷ್ಟು ಇದ್ದರೆ ಸಾಕು. ಹಾಗಾಗಿ ಒನ್ಸೆನ್ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಕುದಿಯುವ ಬುಗ್ಗೆ ಅಂತಲ್ಲ. ತಣ್ಣಗಿನ ನೀರು ಕಾಯಿಸಿ, ಸೋಸಿ, ಅದನ್ನೇ ತಿರುಗಿಸುವ ಕಡೆಗಳೂ ಇವೆ. ನೀವು ಕೇಳಬೇಕಾದ ಪದ ಗೆನ್ಸೆನ್ ಕಾಕೆನಾಗಾಶಿ. ಬುಗ್ಗೆಯಿಂದ ಬಂದ ನೀರು ತೊಟ್ಟಿ ತುಂಬಿ ಹೊರಗೆ ಹರಿದು ಹೋಗುತ್ತಲೇ ಇರಬೇಕು. ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ನೀರಿನ ವಿವರದ ಹಾಳೆ ಹಾಕಿರುತ್ತಾರೆ, ಓದಿಸಿಕೊಳ್ಳಿ.

ಪುತ್ತೂರ ಮಗಳು
ಬಿಸಿನೀರ ಬುಗ್ಗೆ ಅಂದ ಕೂಡಲೇ ನಮ್ಮ ಇರ್ದೆಯ ಬೆಂದ್ರು ತೀರ್ಥ ನೆನಪಾಯಿತು. ತುಳುವಿನಲ್ಲಿ ಬೆಂದ್ರು ಅಂದರೆ ಬಿಸಿನೀರೇ. ಚಿಕ್ಕವಳಿದ್ದಾಗ ಅಜ್ಜಿ ಜೊತೆ ಹೋಗಿ ಮಿಂದಿದ್ದೇನೆ. ನಮ್ಮಲ್ಲಿ ಬಿಸಿನೀರ ಬುಗ್ಗೆ ಅಂದರೆ ತೀರ್ಥ, ಮೈಗೆ ಸೋಪು ಹಚ್ಚುವ ಜಾಗ ಅಲ್ಲ. ಇಲ್ಲಿಯೂ ತೊಳೆದುಕೊಂಡೇ ಇಳಿಯಬೇಕು ಅನ್ನುವುದು ನನಗೆ ಅದಕ್ಕೇ ಬೇಗ ಹಿಡಿಸಿತು.

ನನ್ನ ಅಜ್ಜಿಯ ಕೈ ತುಂಬ ಹಚ್ಚೆ ಇತ್ತು. ಇಲ್ಲಿ ಹಚ್ಚೆ ಇದ್ದವರನ್ನು ಬಿಡಲ್ಲ ಅನ್ನುತ್ತಾರಲ್ಲ, ನಮ್ಮ ಹಿರಿಯರ ಹಚ್ಚೆಗೂ ಹಾಗೇನಾ?

ಬಚ್ಚಲೊಲೆ
ಅತ್ತೆಯ ಮುಂಗೈ ಮೇಲೂ ಇತ್ತು, ರಂಗೋಲಿ ಹಾಗೆ ಚುಕ್ಕಿ ಚುಕ್ಕಿ. ಇಲ್ಲಿ ಹಚ್ಚೆಗೆ ಯಾಕುಜಾ ಅನ್ನುವ ರೌಡಿ ಗುಂಪಿನ ನೆನಪು ಅಂಟಿದೆ, ಅದಕ್ಕೇ ದೊಡ್ಡ ಸ್ನಾನಗೃಹಗಳಲ್ಲಿ ಬೋರ್ಡ್ ಹಾಕಿರುತ್ತಾರೆ. ನಾನು ಫೋನಿನಲ್ಲೇ ಹೇಳಿದೆ, ಭಾರತದ ಹಳ್ಳಿ ಸಂಪ್ರದಾಯ, ಮದುವೆಗೆ ಮುಂಚೆ ಹಾಕಿಸಿದ್ದು ಅಂತ. ಪರವಾಗಿಲ್ಲ ಅಂದರು. ಬಾಗಿಲು ಹಾಕಿಕೊಂಡು ಮೀಯುವ ಕಡೆ ಈ ಪ್ರಶ್ನೆಯೇ ಬರಲ್ಲ. ಚಿಕ್ಕದಿದ್ದರೆ ಔಷಧಿ ಅಂಗಡಿಯಲ್ಲಿ ಚರ್ಮದ ಬಣ್ಣದ ಪಟ್ಟಿ ಸಿಗುತ್ತದೆ, ಅಂಟಿಸಬಹುದು.

ಯೊಕೊಹಾಮಾ ಸಿಸ್ಟರ್
ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಎಲ್ಲರೂ ಕಾಲುಂಗುರದ ಬಗ್ಗೆ ಮಾತಾಡುತ್ತಿದ್ದೀರಿ, ಅಪ್ಪನ ಬಿಪಿ ಬಗ್ಗೆ ಯಾರೂ ಕೇಳಲಿಲ್ಲ. 69 ಅಂದರೆ ಬಿಪಿ ಮಾತ್ರೆ ಇದೆಯಾ, ಹೃದಯದ ತೊಂದರೆ ಇದೆಯಾ, ಮೊದಲು ಅವರ ಡಾಕ್ಟರನ್ನು ಕೇಳಿ. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಬಟ್ಟೆ ಬಿಚ್ಚುವ ಕೋಣೆ ಚಳಿ, ನೀರು ಬಿಸಿ. ಈ ವ್ಯತ್ಯಾಸಕ್ಕೆ ರಕ್ತದೊತ್ತಡ ಏರುಪೇರಾಗಿ ಹಿರಿಯರು ತೊಟ್ಟಿಯಲ್ಲೇ ಎಚ್ಚರ ತಪ್ಪುವುದು ಜಪಾನಿನಲ್ಲಿ ಚಳಿಗಾಲದ ದೊಡ್ಡ ಸಮಸ್ಯೆ.

ಇಳಿಯುವ ಮುಂಚೆ ಕಾಲು, ತೊಡೆ, ಹೊಟ್ಟೆ, ಭುಜ ಹೀಗೆ ಕೆಳಗಿನಿಂದ ಮೇಲಕ್ಕೆ ನೀರು ಹೊಯ್ದುಕೊಂಡು ಮೈ ಒಗ್ಗಿಸಿ. ಮೊದಲ ಸಲ ಐದು ನಿಮಿಷ ಸಾಕು. ಏಳುವಾಗ ಅಂಚು ಹಿಡಿದು ನಿಧಾನ ಏಳಲಿ. ಊಟ ಆದ ಕೂಡಲೇ ಬೇಡ. ನೀರು ಕುಡಿಯಲಿ. ಅಪ್ಪ ಗಂಡಸರ ಕಡೆ ಒಬ್ಬರೇ ಹೋಗುವುದು ಬೇಡ, ನಿಮ್ಮ ಮನೆಯವರು ಜೊತೆಗೆ ಇರಲಿ.

ಕವಾಸಾಕಿ ಕನ್ನಡಿಗ
ನೋಡಿ, ಇಷ್ಟೆಲ್ಲ ಜಾಗ್ರತೆ ಬೇಕು ಅಂದರೆ ಯಾಕೆ ಬೇಕು? ಅತಾಮಿ ಟೋಕಿಯೋದಿಂದ ಶಿಂಕನ್ಸೆನ್ ಬುಲೆಟ್ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ. ಅಲ್ಲೂ ಅದೇ ಸಮುದ್ರ.

ಬಚ್ಚಲೊಲೆ
ದೊಡ್ಡ ಹೋಟೆಲಿನ ನೀರೂ 42 ಡಿಗ್ರಿಯೇ ಸರ್. ಬಿಪಿ ಅಲ್ಲೂ ಒಂದೇ. ಅಲ್ಲಿ ನೂರು ಜನರ ನಡುವೆ ಅಮ್ಮ ಒಂದು ಮೂಲೆಯಲ್ಲಿ ನಿಂತಿರುತ್ತಾರೆ. ಇಲ್ಲಿ ಮನೆಯೊಡತಿ ಕೈಹಿಡಿದು ತೋರಿಸುತ್ತಾಳೆ. ನಾನು ಎರಡೂ ನೋಡಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ಕವಾಸಾಕಿ ಕನ್ನಡಿಗ
ಸರಿ, ಈ ಮಾತು ಒಪ್ಪಿದೆ. ಮೆಟ್ಟಿಲು ಮಾತ್ರ ನೋಡಿಕೊಳ್ಳಿ. ಅದನ್ನು ನಾನು ಬಿಡಲ್ಲ.

ಹಳಿ ಹುಚ್ಚ
ರೈಲಿನ ವಿಷಯ ಹೇಳುತ್ತೇನೆ. ಒದೊರಿಕೊ ಎಕ್ಸ್‌ಪ್ರೆಸ್ ಟೋಕಿಯೋದಿಂದ ನೇರ ಇನಾತೊರಿಗೆ ಹೋಗುತ್ತದೆ, ಬದಲಿಸುವ ಗೋಜಿಲ್ಲ. ಮಂಡಿನೋವಿನವರಿಗೆ ಅದೇ ಒಳ್ಳೆಯದು. ಹೋಗುವಾಗ ಎಡಗಡೆ ಸೀಟು ಹಿಡಿಯಿರಿ, ಸಮುದ್ರ ಅದೇ ಕಡೆ. ಇತೋದಿಂದ ಶಿಮೊದಾವರೆಗಿನ ಹಳಿ ಇಜು ಕ್ಯೂಕೊ ಕಂಪನಿಯದು, 1961ರಲ್ಲಿ ಶುರುವಾಗಿದ್ದು. ಅಪ್ಪ ಅಮ್ಮ ಜೆಆರ್ ಪಾಸ್ (ಪ್ರವಾಸಿಗರ ಜಪಾನ್ ರೈಲು ಪಾಸ್) ತಂದಿದ್ದರೂ ಇತೋದಿಂದ ಆಚೆಗೆ ಅದು ನಡೆಯಲ್ಲ, ಬೇರೆ ದುಡ್ಡು ಕೊಡಬೇಕು. ಅತಗಾವಾದಲ್ಲಿ ಇಳಿದರೆ ನಿಲ್ದಾಣದ ಹತ್ತಿರವೇ ಬುಗ್ಗೆಯ ಆವಿ ಮೇಲೇಳುವ ಗೋಪುರಗಳು ಕಾಣುತ್ತವೆ. ಕಾಲು ಮಾತ್ರ ಇಳಿಬಿಟ್ಟು ಕೂರುವ ಆಶಿಯು ಕೂಡ ಇದೆ. ಅಮ್ಮನಿಗೆ ಮೊದಲು ಅಲ್ಲಿ ಅಭ್ಯಾಸ ಮಾಡಿಸಿ.

ಕುಂದಾಪುರ ಟು ಕೋಬೆ
ಅದೇ ಸಾಲಿನಲ್ಲಿ ಹೊಕ್ಕಾವಾ ಇದೆ. ಅಲೆ ಬಡಿಯುವ ಬಂಡೆಗಳ ಮಧ್ಯೆ ಬಯಲು ತೊಟ್ಟಿ. ತೊಟ್ಟಿಯಲ್ಲಿ ಕೂತರೆ ಸಮುದ್ರ ಗಲ್ಲದ ಮಟ್ಟಕ್ಕೆ ಕಾಣುತ್ತದೆ. ನೋಡಲೇಬೇಕು.

ದಾಶಿ ಬೇಡಮ್ಮ
ಅದು ಗಂಡಸು ಹೆಂಗಸು ಕೂಡಿ ಮೀಯುವ ತೊಟ್ಟಿ ಅಂತ ಹೇಳದೆ ಬಿಟ್ಟರೆ ಹೇಗೆ! ಹೆಂಗಸರಿಗೇ ಅಂತ ಬೇರೆ ಹೊತ್ತು ಇಟ್ಟಿದ್ದಾರೆ, ಅದನ್ನು ಕೇಳಿಕೊಂಡು ಹೋಗಿ. ಅಮ್ಮಂದಿರಿಗೆ ಮೊದಲ ಸಲಕ್ಕೆ ಬೇಡ.

ಪುತ್ತೂರ ಮಗಳು
ಸ್ನಾನ ಆದ ಮೇಲೆ ತೊಡುವ ಹತ್ತಿಯ ನಿಲುವಂಗಿ ಯುಕಾತಾ ಉಡಿಸುವಾಗ ಎಡಗಡೆ ಸೆರಗು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಸತ್ತವರಿಗೆ ಉಡಿಸುವ ರೀತಿ. ಅಮ್ಮನಿಗೆ ನೀವೇ ಸರಿ ಮಾಡಿಕೊಡಿ.

ನೀರಿನ ಲೆಕ್ಕ
ಕಡಲತೀರ ಆದ್ದರಿಂದ ಇನ್ನೊಂದು. ಹೋದ ಕೂಡಲೇ ಭೂಕಂಪ ಆದರೆ ಯಾವ ದಾರಿಯಲ್ಲಿ ಗುಡ್ಡ ಹತ್ತಬೇಕು ಅಂತ ಕೇಳಿ ಇಟ್ಟುಕೊಳ್ಳಿ. ಬೀದಿಯಲ್ಲಿ ಸುನಾಮಿ ಬೋರ್ಡುಗಳು ಇರುತ್ತವೆ. ಹೆದರಿಸಲು ಹೇಳುತ್ತಿಲ್ಲ. ಇಜು ನೆಲವೇ ಹಾಗೆ, ದಕ್ಷಿಣದಿಂದ ತೇಲಿ ಬಂದು ಹೊನ್ಶುವಿಗೆ ಡಿಕ್ಕಿ ಹೊಡೆದ ಜ್ವಾಲಾಮುಖಿ ನೆಲ. ಎದುರು ಕಾಣುವ ಓಶಿಮಾದ ಮಿಹಾರಾ ಬೆಟ್ಟ 1986ರಲ್ಲಿ ಉಗುಳಿದಾಗ ದ್ವೀಪದವರನ್ನೆಲ್ಲ ಹಡಗಿನಲ್ಲಿ ಸಾಗಿಸಿದ್ದರು. ಬಿಸಿನೀರು ಬರೋದೂ ಅದೇ ಬೆಂಕಿಯಿಂದ.

ಸಾಗರದವಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಆ ಮನೆಗೇ ಫೋನ್ ಮಾಡಿದೆ. ಕೆಳಗಿನ ಕೋಣೆ ಕೊಡುತ್ತಾರಂತೆ, ಅದರ ಪಕ್ಕದಲ್ಲೇ ಕಮೋಡ್ ಇರುವ ಶೌಚಾಲಯ. ರಾತ್ರಿ ಊಟ ಮಾಡಿಕೊಡುವ ಧೈರ್ಯ ಇಲ್ಲ ಅಂದರು, ಬೆಳಗಿನದು ಮಾಡುತ್ತೇವೆ ಅಂದರು. ರಾತ್ರಿಗೆ ನಾನು ಚಪಾತಿ ಪಲ್ಯ ಕಟ್ಟಿಕೊಂಡು ಬರಬಹುದಾ ಅಂತ ಕೇಳಿದೆ. ಬಿಸಿ ಮಾಡಿ ಕೊಡುತ್ತೇನೆ ಅಂದರು. ಕಾರ್ಡ್ ನಡೆಯಲ್ಲ, ನಗದು ತರಬೇಕು. ಸ್ನಾನದ ತೆರಿಗೆ ತಲೆಗೆ 150 ಯೆನ್ ಬೇರೆ. ಅಪ್ಪನ ಡಾಕ್ಟರನ್ನೂ ಕೇಳಿ ಆಯಿತು, ಕಡಿಮೆ ಹೊತ್ತು ಅಂದರೆ ಪರವಾಗಿಲ್ಲ ಅಂದರು.

ಉಡುಪಿ ಬೋಟು
ಹೋಗಿ ಬಂದು ಬರೆಯಿರಿ ತಂಗಿ. ಕಾಯುತ್ತಿರುತ್ತೇವೆ.

ಸಾಗರದವಳು
ಹೋಗಿ ಬಂದೆವು. ನಿನ್ನೆ ರಾತ್ರಿ ಮನೆ ಸೇರಿದೆವು, ಬಿಸಿಬಿಸಿ ಇರುವಾಗಲೇ ಬರೆಯುತ್ತೇನೆ.

ಅತಗಾವಾದಲ್ಲಿ ಇಳಿದು ಆಶಿಯುವಿನಲ್ಲಿ ಕಾಲು ಇಳಿಬಿಟ್ಟೆವು. ಅಮ್ಮ ಸೀರೆ ಮಂಡಿವರೆಗೆ ಎತ್ತಿಕೊಂಡು ಅರ್ಧ ಗಂಟೆ ಏಳಲೇ ಇಲ್ಲ. ಸಂಜೆ ನಾಲ್ಕಕ್ಕೆ ಮಿನ್ಶುಕು. ಮನೆಯೊಡತಿ ಬಾಗಿಲಲ್ಲೇ ಒಂದು ಕುರ್ಚಿ ಇಟ್ಟಿದ್ದರು, ಅಮ್ಮ ಕೂತು ಚಪ್ಪಲಿ ಬಿಡಲಿ ಅಂತ. ಮಂಡಿನೋವು ಅಂತ ನಾನು ಹೇಳಿದ್ದು ಫೋನಿನಲ್ಲಿ ಒಂದೇ ಸಲ.

ಸ್ನಾನಕ್ಕೆ ನಾನು, ಅಮ್ಮ ಬಾಗಿಲು ಹಾಕಿಕೊಂಡು ಹೋದೆವು. ಕಾಲುಂಗುರ ತೆಗೆಯಲ್ಲ ಅಂದಳು, ಹಾಗೇ ಇಳಿದಳು, ಏನೂ ಆಗಲಿಲ್ಲ. ಸಿಸ್ಟರ್ ಹೇಳಿದ ಹಾಗೆ ಕಾಲಿನಿಂದ ಮೇಲಕ್ಕೆ ನೀರು ಹೊಯ್ದೆ. ಅವಳ ಬೆನ್ನು ನಾನು ಉಜ್ಜಿದೆ. ಮದುವೆಯಾದ ಮೇಲೆ ಅಮ್ಮನ ಬೆನ್ನು ಮುಟ್ಟಿ ನೋಡಿರಲಿಲ್ಲ ನಾನು, ಎಷ್ಟು ಸಣ್ಣಗಾಗಿದ್ದಾಳೆ. ಹತ್ತು ನಿಮಿಷ ಕೂತಳು. ತೊಟ್ಟಿ ಅಂಚಿನಿಂದ ನೀರು ಚೆಲ್ಲಿ ಹೋಗುತ್ತಲೇ ಇತ್ತಲ್ಲ, ಇಷ್ಟು ಬಿಸಿನೀರು ಸುಮ್ನೆ ಹರಿದು ಹೋಗುತ್ತದಲ್ಲೇ, ಯಾರು ಕಾಯಿಸುತ್ತಾರೆ ಅಂತ ಕೇಳಿದಳು. ಯಾರೂ ಕಾಯಿಸಲ್ಲಮ್ಮ ಅಂದೆ. ಆಮೇಲೆ ಅವಳು ಮಾತಾಡಲಿಲ್ಲ, ಕಣ್ಣು ಮುಚ್ಚಿ ಕೂತಿದ್ದಳು.

ಅಪ್ಪನಿಗೆ ಅಷ್ಟು ಹಿಡಿಸಲಿಲ್ಲ. ನೀರು ವಿಪರೀತ ಬಿಸಿ ಅಂತ ಮೂರೇ ನಿಮಿಷಕ್ಕೆ ಎದ್ದರಂತೆ. ರಾತ್ರಿ ಅಲೆ ಸದ್ದಿಗೆ ನಿದ್ದೆ ಬರಲಿಲ್ಲ ಅಂದರು. ನೆಲದಿಂದ ಏಳಲು ಅಮ್ಮನಿಗೆ ಕಷ್ಟ ಆಯಿತು, ಅದೂ ನಿಜ. ಎರಡು ಫುತೋನ್ ಒಂದರ ಮೇಲೊಂದು ಹಾಸಿದ ಮೇಲೆ ಸ್ವಲ್ಪ ಸುಲಭ ಆಯಿತು. ಮಂಡಿನೋವಿನವರು ಮೊದಲೇ ಕೇಳಿ ಹಾಕಿಸಿಕೊಳ್ಳಿ.

ಬೆಳಗ್ಗೆ ಅನ್ನ, ಕೊಂಬು ಹಾಕಿದ ಮಿಸೊ ಸಾರು, ಗಟ್ಟಿ ತೋಫು, ನೋರಿ ಅನ್ನುವ ಒಣ ಸಮುದ್ರ ಪಾಚಿ, ಉಮೆಬೋಶಿ ಅನ್ನುವ ಹುಳಿ ಹಣ್ಣಿನ ಉಪ್ಪಿನಕಾಯಿ. ಉಮೆಬೋಶಿ ಬಾಯಿಗೆ ಹಾಕಿದ ಕೂಡಲೇ ಅಮ್ಮ ಕಣ್ಣರಳಿಸಿ, ಇದು ನಮ್ಮ ಮಿಡಿ ಉಪ್ಪಿನಕಾಯಿಯ ಅಕ್ಕ ಕಣೇ ಅಂದಳು. ಮೂರು ತಿಂದಳು. ಮೀನು ಒಂದು ತಟ್ಟೆಯಲ್ಲೂ ಇರಲಿಲ್ಲ. ಆ ಮನೆಯವರು ಒಳಗೆ ತಮಗೆ ಹುರಿದುಕೊಂಡ ವಾಸನೆ ಬಂತು, ಅಮ್ಮ ಮುಖ ತಿರುಗಿಸಲಿಲ್ಲ, ಅವರ ಮನೆ ಅಲ್ವಾ ಅಂದಳು.

ಉಡುಪಿ ಬೋಟು
ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಕವಾಸಾಕಿ ಕನ್ನಡಿಗ
ಕುರ್ಚಿ ಇಟ್ಟಿದ್ದು ಓದಿ ಖುಷಿಯಾಯಿತು. ನನ್ನ ಅಪ್ಪನಿಗೆ ಅಂಥ ಮನೆ ಸಿಕ್ಕಿದ್ದರೆ ಚೆನ್ನಾಗಿತ್ತು. ಮುಂದಿನ ಸಲ ಬಂದರೆ ಕೇಳುತ್ತೇನೆ.

ಕುಂದಾಪುರ ಟು ಕೋಬೆ
ನಮ್ಮ ಅತ್ತೆ ಮಾವ ಫೆಬ್ರವರಿಯಲ್ಲಿ ಬರುತ್ತಾರೆ. ಕವಾಜು ಊರಿನ ಸಕುರಾ (ಚೆರಿ ಹೂವು) ಆಗಲೇ ಅರಳುತ್ತದೆ, ಇನಾತೊರಿಯಿಂದ ಎರಡನೇ ನಿಲ್ದಾಣ. ಫೋನಿನಲ್ಲಿ ಊಟದ ಬಗ್ಗೆ ನೀವು ಹೇಳಿದ ಸಾಲುಗಳನ್ನು ಇಲ್ಲಿ ಹಾಕುತ್ತೀರಾ?

ಸಾಗರದವಳು
ಹೀಗೆ ಹೇಳಿದೆ: ನಿಕು ಮೊ, ಸಕಾನಾ ಮೊ, ತಮಾಗೊ ಮೊ ತಾಬೆಮಾಸೆನ್. ಕತ್ಸುಒ ನೊ ದಾಶಿ ಮೊ ದಾಮೆ ದೆಸು. ಕೊಂಬು ದಾಶಿ ವಾ ದಾಯ್ಜೋಬು ದೆಸು. ಅಂದರೆ ಮಾಂಸ, ಮೀನು, ಮೊಟ್ಟೆ ತಿನ್ನಲ್ಲ, ಬೊನಿಟೊ ದಾಶಿಯೂ ಆಗಲ್ಲ, ಕೊಂಬು ದಾಶಿ ಪರವಾಗಿಲ್ಲ ಅಂತ. ನಿಧಾನ ಹೇಳಿ. ಅವರು ಮತ್ತೆ ಒಂದೊಂದಾಗಿ ಕೇಳುತ್ತಾರೆ, ಆಗ ಹೌದು ಹೌದು ಅಂತ ಬೇಗ ಮುಗಿಸಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಫೆಬ್ರವರಿಯಲ್ಲಿ ಕೋಣೆ ಬೇಗ ತುಂಬುತ್ತದೆ, ಈ ವಾರವೇ ಫೋನ್ ಮಾಡಿ.